ಮಳೆಯಾಶ್ರಿತ ರಾಗಿ: ತಳಿ ಮೊದಲು, ಗೊಬ್ಬರ ಆಮೇಲೆ

ಪಕ್ಕದ ಹೊಲಕ್ಕೆ ಹಾಕಿದಷ್ಟೇ ಗೊಬ್ಬರ ಹಾಕಿದ್ದಾಗಿದೆ, ಮಳೆಯೂ ಎರಡೂ ಕಡೆ ಒಂದೇ, ಆದರೂ ಅಲ್ಲಿ ಎಕರೆಗೆ ಹತ್ತು ಕ್ವಿಂಟಲ್, ಇಲ್ಲಿ ಐದು. ತುಮಕೂರು, ರಾಮನಗರ, ಹಾಸನ, ಕೋಲಾರದ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ರಾಗಿ ಬೆಳೆಯುವವರು ಪ್ರತಿ ವರ್ಷ ಕೇಳುವ ಪ್ರಶ್ನೆ ಇದೇ. ಬಹುತೇಕ ಕಡೆ ತಪ್ಪು ಗೊಬ್ಬರದ್ದಲ್ಲ, ಕೆಲಸದ ಕ್ರಮದ್ದು. ಜೂನ್‌ನಲ್ಲೇ ಡಿಎಪಿ (ರಂಜಕ ಹೆಚ್ಚಿರುವ ಗೊಬ್ಬರ), ಯೂರಿಯಾ (ಸಾರಜನಕದ ಗೊಬ್ಬರ) ತಂದು ಇಟ್ಟುಕೊಳ್ಳುತ್ತಾರೆ. ಬೀಜ ಮನೆಯಲ್ಲಿ ಇದ್ದದ್ದೇ. ಮಳೆ ಯಾವಾಗ ಬಂದರೆ ಆವಾಗ ಬಿತ್ತನೆ. ಆಗಸ್ಟ್ ಎರಡನೇ ವಾರ ಮಳೆ ಬಂತು ಅಂತ 125 ದಿನದ ತಳಿ ಬಿತ್ತಿದರೆ ತೆನೆ ಹೊರಡುವ ಹೊತ್ತಿಗೆ ನೆಲದಲ್ಲಿ ಹಸಿ ಇರುವುದಿಲ್ಲ. ಆಮೇಲೆ ಎಷ್ಟು ಯೂರಿಯಾ ಎರಚಿದರೂ ಹುಲ್ಲು ಹೆಚ್ಚುತ್ತದೆಯೇ ಹೊರತು ಕಾಳು ಹೆಚ್ಚುವುದಿಲ್ಲ.

ಸರಿಯಾದ ಕ್ರಮ ಇದು: ಬಿತ್ತನೆಯ ದಿನ ಯಾವುದು ಎಂಬುದು ತಳಿಯನ್ನು ತೀರ್ಮಾನಿಸಬೇಕು, ತಳಿ ಮತ್ತು ಮಣ್ಣು ಸೇರಿ ಗೊಬ್ಬರದ ಅಳತೆಯನ್ನು, ನೆಲದ ಹಸಿ ಮೇಲುಗೊಬ್ಬರದ (ಬೆಳೆ ನಿಂತ ಮೇಲೆ ಕೊಡುವ ಗೊಬ್ಬರದ) ದಿನವನ್ನು. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಲೆಕ್ಕವೆಲ್ಲ ಒಂದು ಎಕರೆಗೆ.

ಮೊದಲೇ ಹೊಂದಿಸಿಕೊಳ್ಳಬೇಕಾದವು

ಗುದ್ದಲಿ, ಶುಭ್ರವಾದ ಪ್ಲಾಸ್ಟಿಕ್ ಬಕೆಟ್, ತೂಕದ ತಕ್ಕಡಿ (ಗ್ರಾಂ ತೋರಿಸುವ ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ಒಳ್ಳೆಯದು), ಅಳತೆ ಟೇಪು, ಗೊಬ್ಬರ ಮತ್ತು ಬೀಜಕ್ಕೆ ಬೇರೆ ಬೇರೆ ಬಟ್ಟಲಿರುವ ಕೂರಿಗೆ (ಸಾಲಾಗಿ ಬಿತ್ತುವ ಸಾಧನ), ಎಡೆ ಕುಂಟೆ (ಸಾಲುಗಳ ನಡುವೆ ಕಳೆ ತೆಗೆಯುವುದು), ಹಲುಬೆ (ದಟ್ಟ ಪೈರನ್ನು ತೆಳುಗೊಳಿಸುವ ಹಲ್ಲಿನ ಸಾಧನ). ಇಂಥ ಸಂಯುಕ್ತ ಕೂರಿಗೆ ಸ್ವಂತಕ್ಕೆ ಇಲ್ಲದಿದ್ದರೆ ಬಾಡಿಗೆಗೆ ಜುಲೈ ಮೊದಲೇ ಮಾತಾಡಿಡಿ. ಹದ ಬಂದ ದಿನ ಇಡೀ ಊರಿಗೆ ಅದು ಬೇಕಾಗುತ್ತದೆ.

ಹಂತ 1: ಮಣ್ಣು ಪರೀಕ್ಷೆ, ಬೇಸಿಗೆಯಲ್ಲೇ

ಮಾರ್ಚಿನಿಂದ ಮೇ ಒಳಗೆ ಮಾದರಿ ತೆಗೆಯಿರಿ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ 10ರಿಂದ 15 ಕಡೆ ‘ವಿ’ ಆಕಾರದ ಗುಂಡಿ ತೋಡಿ, ಮೇಲಿನಿಂದ 15 ಸೆಂ.ಮೀ. ಆಳದವರೆಗೆ ಗುಂಡಿಯ ಬದಿಯಿಂದ ಒಂದೇ ದಪ್ಪದ ಮಣ್ಣು ಕೆರೆದುಕೊಳ್ಳಿ. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತಾ ಬಂದು ಅರ್ಧ ಕೆಜಿ ಉಳಿಸಿ, ನೆರಳಿನಲ್ಲಿ ಒಣಗಿಸಿ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಿ. ತಿಪ್ಪೆ ಹಾಕಿದ್ದ ಜಾಗ, ಬದುವಿನ ಪಕ್ಕ, ಹುಣಸೆ ಅಥವಾ ಬೇವಿನ ಮರದಡಿ ಬೇಡ. ಗೊಬ್ಬರದ ಚೀಲದಲ್ಲಿ ಮಣ್ಣು ತುಂಬಿ ಕಳಿಸುವವರಿದ್ದಾರೆ. ಆ ವರದಿಯಲ್ಲಿ ಕಾಣುವುದು ಚೀಲದ ಗೊಬ್ಬರವೇ.

ವರದಿಯಲ್ಲಿ ಮೂರು ಸಾಲು ಗಮನಿಸಿ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಆ ಹೊಲ ಯೂರಿಯಾಕ್ಕಿಂತ ಮೊದಲು ಕೊಟ್ಟಿಗೆ ಗೊಬ್ಬರ ಕೇಳುತ್ತಿದೆ. ವರ್ಷಾವರ್ಷ ಡಿಎಪಿ ಹಾಕಿದ ಹೊಲಗಳಲ್ಲಿ ರಂಜಕ ‘ಹೆಚ್ಚು’ ಎಂದು ಬರುವುದು ಈಗ ಅಪರೂಪವಲ್ಲ. ಅಂಥಲ್ಲಿ ಶಿಫಾರಸಿನ ಕಾಲು ಭಾಗ ಕಡಿಮೆ ಮಾಡಬಹುದು. ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿದ್ದರೆ ವರದಿಯಲ್ಲಿ ಹೇಳಿದಷ್ಟು ಸುಣ್ಣವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಿ. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ಹಂತ 2: ಕೊಟ್ಟಿಗೆ ಗೊಬ್ಬರ

ಎಕರೆಗೆ 3 ಟನ್, ಬಿತ್ತನೆಗೆ ಎರಡು ಮೂರು ವಾರ ಮೊದಲು. ಟ್ರೇಲರಿನ ಅಳತೆ ನೋಡಿಕೊಂಡು ಒಂದರಿಂದ ಎರಡು ಲೋಡು. ಬೆಂಗಳೂರಿನ ಜಿಕೆವಿಕೆಯ (ಕೃಷಿ ವಿಶ್ವವಿದ್ಯಾಲಯದ ಆವರಣ) ಒಣಭೂಮಿ ಬೇಸಾಯ ಕೇಂದ್ರದಲ್ಲಿ 1978ರಿಂದ ನಡೆಯುತ್ತಿರುವ ದೀರ್ಘಾವಧಿ ಪ್ರಯೋಗ ತೋರಿಸಿದ್ದು ಇದನ್ನೇ: ಬರೀ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳಲ್ಲಿ ರಾಗಿಯ ಇಳುವರಿ ವರ್ಷ ಕಳೆದಂತೆ ಕುಸಿಯಿತು, ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳಲ್ಲಿ ನಿಂತಿತು. ಕೆಂಪು ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಕಡಿಮೆ. ಹತ್ತು ಹದಿನೈದು ದಿನ ಮಳೆ ಕೈಕೊಟ್ಟಾಗ ಬೆಳೆಯನ್ನು ಎತ್ತಿ ಹಿಡಿಯುವುದು ಆ ಗೊಬ್ಬರವೇ.

ಗುಡ್ಡೆ ಹಾಕಿ ವಾರಗಟ್ಟಲೆ ಬಿಸಿಲಿಗೆ ಬಿಡುವುದು ಎಲ್ಲ ಊರಿನಲ್ಲೂ ಕಾಣುವ ತಪ್ಪು. ಸಾಗಿಸಿದ ದಿನವೇ ಹರಡಿ, ಹರಡಿದ ದಿನವೇ ಉಳುಮೆ ಮಾಡಿ. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿಯ ವಾಸನೆ ಇರಬಾರದು. ಅರೆಬರೆ ಕೊಳೆತದ್ದಾದರೆ ಗೊಣ್ಣೆ ಹುಳುವನ್ನೂ ಕಳೆ ಬೀಜವನ್ನೂ ನೀವೇ ಹೊತ್ತು ತಂದಂತೆ. ಗೊಬ್ಬರ ಸಾಲದಿದ್ದರೆ ಮೇ ತಿಂಗಳ ಮಳೆಗೆ ಅಲಸಂದೆ ಅಥವಾ ಅಪ್ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ ಉತ್ತುಬಿಡಿ. ಜುಲೈ ಕೊನೆಯಲ್ಲಿ ಬಿತ್ತುವವರಿಗೆ ಇದಕ್ಕೆ ಸಮಯ ಸಿಗುತ್ತದೆ.

ಸತುವಿನ ಕೊರತೆ ವರದಿಯಲ್ಲಿದ್ದರೆ 5 ಕೆಜಿ ಸತುವಿನ ಸಲ್ಫೇಟನ್ನು ಕೊಟ್ಟಿಗೆ ಗೊಬ್ಬರದ ಜೊತೆಗೇ ಹಾಕಿ. ಡಿಎಪಿ ಜೊತೆ ಬೆರೆಸಿದರೆ ರಂಜಕವೂ ಸತುವೂ ಒಂದಕ್ಕೊಂದು ಕಟ್ಟಿಕೊಂಡು ಗಿಡಕ್ಕೆ ಸಿಗುವುದಿಲ್ಲ.

ಹಂತ 3: ತಳಿ ಆಯ್ಕೆ, ಮಳೆ ನಕ್ಷತ್ರ ನೋಡಿ

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದು, ಇದಕ್ಕೆ ಹಣ ಖರ್ಚಿಲ್ಲ. ರಾಗಿಗೆ ನೀರು ತಪ್ಪಲೇಬಾರದ ಕಾಲ ಹೊಡೆ ಕಟ್ಟುವುದರಿಂದ (ತೆನೆ ಎಲೆಯ ಕವಚದೊಳಗೇ ಉಬ್ಬುವ ಹಂತ) ಕಾಳು ಹಾಲುಗಟ್ಟುವವರೆಗೆ. ದಕ್ಷಿಣ ಒಳನಾಡಿನಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ, ಅಕ್ಟೋಬರ್ ಮಧ್ಯದವರೆಗೂ ನಂಬಬಹುದು. ತೆನೆ ಹೊರಡುವ ದಿನ ಉತ್ತರೆ, ಹಸ್ತೆಯ ಹೊತ್ತಿಗೆ (ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಹತ್ತರ ಸುಮಾರಿನವರೆಗೆ) ಬೀಳಬೇಕು. ಚಿತ್ತೆ ದಾಟಿದರೆ ಜೂಜು.

ಲೆಕ್ಕ ಹಾಕುವ ಬಗೆ ಸುಲಭ. ತಳಿಯ ಒಟ್ಟು ಅವಧಿಯಲ್ಲಿ ಸುಮಾರು 40 ದಿನ ಕಳೆದರೆ ತೆನೆ ಬರುವ ದಿನ ಸಿಗುತ್ತದೆ. 120–125 ದಿನದ ಎಂಆರ್-1 ಅನ್ನು ಜುಲೈ 10ಕ್ಕೆ ಬಿತ್ತಿದರೆ 80–85ನೇ ದಿನ, ಅಂದರೆ ಅಕ್ಟೋಬರ್ ಆರಂಭಕ್ಕೆ ತೆನೆ. ಅದನ್ನೇ ಆಗಸ್ಟ್ 12ಕ್ಕೆ ಬಿತ್ತಿದರೆ ತೆನೆ ನವೆಂಬರಿಗೆ ಹೋಗುತ್ತದೆ. ಒಂದೇ ಬೀಜ, ಒಂದೇ ಹೊಲ, ಒಂದೇ ಗೊಬ್ಬರ. ಎರಡನೆಯದರಲ್ಲಿ ಅರ್ಧ ಜಳ್ಳು.

ಜೂನ್‌ನಿಂದ ಜುಲೈ ಮಧ್ಯದವರೆಗೆ, ಆರಿದ್ರಾ ಮತ್ತು ಪುನರ್ವಸು ಮಳೆಗೆ ಬಿತ್ತುವಂತಿದ್ದರೆ ದೀರ್ಘಾವಧಿ ತಳಿಗಳು: ಎಂಆರ್-1, ಎಂಆರ್-6, ಎಲ್-5, ಕೆಎಂಆರ್-301. ಹುಲ್ಲೂ ಜಾಸ್ತಿ, ಹಸು ಕಟ್ಟಿದವರಿಗೆ ಅದು ಸಣ್ಣ ವಿಷಯವಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಪುಷ್ಯ ಮತ್ತು ಆಶ್ಲೇಷಾಕ್ಕೆ, ಮಧ್ಯಮಾವಧಿಯ ಜಿಪಿಯು-28, ಜಿಪಿಯು-66, ಎಂಎಲ್-365. ಇವು 105ರಿಂದ 115 ದಿನದವು. ಮಘಾ ಮಳೆ (ಆಗಸ್ಟ್ ಮಧ್ಯದ ನಂತರದ್ದು) ಬರುವವರೆಗೂ ಹೊಲ ಖಾಲಿ ಇದ್ದರೆ 95–100 ದಿನದ ಜಿಪಿಯು-48 ಅಥವಾ ಅದಕ್ಕಿಂತ ತುಸು ಹೆಚ್ಚು ದಿನದ ಕೆಎಂಆರ್-204. ಆಗಸ್ಟ್ ಕೊನೆಯಲ್ಲಿ ಬಿತ್ತುವುದಕ್ಕಿಂತ, ನೀರಿನ ಸಣ್ಣ ಅನುಕೂಲ ಇದ್ದವರು ಅದಕ್ಕೂ ಮೊದಲೇ ಒಟ್ಲು (ಸಸಿಮಡಿ) ಬಿಟ್ಟು 21–25 ದಿನದ ಪೈರು ನಾಟಿ ಮಾಡಿದರೆ ಮೂರು ವಾರ ಉಳಿಯುತ್ತದೆ.

ಮನೆಯಲ್ಲಿ ಒಂದೇ ಬಗೆಯ ಬೀಜ ಇಟ್ಟುಕೊಂಡು ಮಳೆಗೆ ಕಾಯಬೇಡಿ. ಮಧ್ಯಮಾವಧಿಯದು ಮುಖ್ಯ ಬೀಜವಾಗಿರಲಿ, ಅಲ್ಪಾವಧಿಯದು ನಾಲ್ಕು ಕೆಜಿ ಪಕ್ಕದಲ್ಲಿರಲಿ. ನನ್ನನ್ನು ಕೇಳಿದರೆ, ಜುಲೈ ಮಳೆ ಖಚಿತವಿಲ್ಲದ ಪಾವಗಡ, ಶಿರಾ ಕಡೆಯ ಹೊಲಗಳಿಗೆ ದೀರ್ಘಾವಧಿ ತಳಿಯ ಮಾತೇ ಬೇಡ.

ಅವಧಿಯ ನಂತರ ನೋಡಬೇಕಾದ್ದು ಬೆಂಕಿ ರೋಗ, ಎಲೆಗೂ ತೆನೆಯ ಕುತ್ತಿಗೆಗೂ ಬರುವ ಶಿಲೀಂಧ್ರ ರೋಗ. ಇಂಡಾಫ್-5ರಂಥ ಹಳೆಯ ತಳಿಗಳು ಇದಕ್ಕೆ ಬೇಗ ಸಿಕ್ಕಿಬೀಳುತ್ತವೆ. ಜಿಪಿಯು-28ಕ್ಕೆ ಕುತ್ತಿಗೆ ಬೆಂಕಿ ರೋಗ ತಡೆಯುವ ಗುಣ ಇದೆ, ಅದು ಇಷ್ಟು ಹರಡಲು ಕಾರಣವೂ ಅದೇ. ಗೊಬ್ಬರಕ್ಕೂ ಇದಕ್ಕೂ ನೇರ ಸಂಬಂಧ ಇದೆ: ಸಾರಜನಕ ಹೆಚ್ಚಾದಷ್ಟು ಎಲೆ ಮೆದುವಾಗಿ ರೋಗ ಜೋರಾಗುತ್ತದೆ. ರೋಗಕ್ಕೆ ಬಗ್ಗುವ ತಳಿ ಹಾಕಿ ಯೂರಿಯಾ ಜಾಸ್ತಿ ಕೊಟ್ಟರೆ ಖರ್ಚು ಮಾಡಿ ಇಳುವರಿ ಕಳೆದುಕೊಂಡಂತೆ.

ಹಂತ 4: ಬೀಜ ತಯಾರಿ

ರೈತ ಸಂಪರ್ಕ ಕೇಂದ್ರದಲ್ಲಿ ಕೊಳ್ಳುವುದಾದರೆ ಚೀಲಕ್ಕೆ ನೀಲಿ ಚೀಟಿ ಇದೆಯೇ ನೋಡಿ. ಅದು ಪ್ರಮಾಣಿತ ಬೀಜದ ಗುರುತು. ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ, ಆದ್ದರಿಂದ ಎರಡು ಮೂರು ವರ್ಷ ಸ್ವಂತ ಬೀಜ ಇಟ್ಟುಕೊಳ್ಳಬಹುದು. ಆದರೆ ಒಕ್ಕಣೆ ಕಣದಲ್ಲಿ ಬೆರಕೆಯಾದದ್ದು ಬೇಡ, ಹೊಲದ ನಡುವಿನ ಒಳ್ಳೆಯ ತೆನೆ ಆರಿಸಿ ಬೇರೆ ಬಡಿದಿಡಿ.

ಕೂರಿಗೆ ಬಿತ್ತನೆಗೆ 4ರಿಂದ 5 ಕೆಜಿ ಬೇಕು, ನಾಟಿಗಾದರೆ 2 ಕೆಜಿ ಸಾಕು. ಬರ ತಡೆಯಲು ಬೀಜ ಗಟ್ಟಿ ಮಾಡುವ ಕ್ರಮ ಹೀಗಿದೆ: ಒಂದು ಕೆಜಿ ಬೀಜಕ್ಕೆ ಒಂದು ಲೀಟರ್ ನೀರಿನಂತೆ 6 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಿ. ಮೊಳಕೆಯ ಬಿಳಿ ಚುಕ್ಕೆ ಕಂಡ ಕೂಡಲೇ ಬಿಚ್ಚಿ ನೆರಳಿನಲ್ಲಿ ಎರಡು ದಿನ ಒಣಗಿಸಿ. ಮೊಳಕೆ ಉದ್ದ ಬರಲು ಬಿಟ್ಟರೆ ಬೀಜ ಹಾಳು. ಬಿಸಿಲಿಗೆ ಹಾಕಿದರೂ ಅಷ್ಟೇ.

ಹಂತ 5: ಬಿತ್ತನೆ ಗೊಬ್ಬರದ ಲೆಕ್ಕ

ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕೆಜಿ ಸಾರಜನಕ, 16 ಕೆಜಿ ರಂಜಕ, 10ರಿಂದ 15 ಕೆಜಿ ಪೊಟ್ಯಾಷ್ ಬೇಕು. ರಂಜಕ, ಪೊಟ್ಯಾಷ್ ಪೂರ್ತಿ ಬಿತ್ತನೆಗೆ. ಸಾರಜನಕ ಅರ್ಧ ಮಾತ್ರ. ಅಂಗಡಿಯಲ್ಲಿ ಆ ದಿನ ಏನಿದೆ ಅನ್ನುವುದರ ಮೇಲೆ ಮೂರು ದಾರಿ.

ಡಿಎಪಿ ಇದ್ದರೆ: ಬಿತ್ತನೆಗೆ 35 ಕೆಜಿ ಡಿಎಪಿ, 8 ಕೆಜಿ ಯೂರಿಯಾ, 25 ಕೆಜಿ ಎಂಒಪಿ (ಪೊಟ್ಯಾಷ್ ಗೊಬ್ಬರ). ಮೇಲುಗೊಬ್ಬರಕ್ಕೆ 22 ಕೆಜಿ ಯೂರಿಯಾ.

10:26:26 (ಸಾರಜನಕ, ರಂಜಕ, ಪೊಟ್ಯಾಷ್ ಈ ಶೇಕಡಾವಾರಿನಲ್ಲಿರುವ ಗೊಬ್ಬರ) ಇದ್ದರೆ: ಬಿತ್ತನೆಗೆ 50 ಕೆಜಿಯ ಒಂದು ಮೂಟೆ ಮತ್ತು 11 ಕೆಜಿ ಯೂರಿಯಾ. ಮೇಲುಗೊಬ್ಬರ 22 ಕೆಜಿ ಯೂರಿಯಾ. ರಂಜಕ 13 ಕೆಜಿಯಷ್ಟೇ ಸಿಗುತ್ತದೆ. ಹಿಂದೆ ಡಿಎಪಿ ಹಾಕುತ್ತಾ ಬಂದ ಹೊಲಕ್ಕೆ ಸಾಕು.

ಸೂಪರ್ ಫಾಸ್ಫೇಟ್ ಇದ್ದರೆ: 100 ಕೆಜಿ, ಜೊತೆಗೆ 22 ಕೆಜಿ ಯೂರಿಯಾ, 25 ಕೆಜಿ ಎಂಒಪಿ. ಮೇಲುಗೊಬ್ಬರ ಮತ್ತೆ 22 ಕೆಜಿ. ಹೊರುವ ಭಾರ ಹೆಚ್ಚು, ಆದರೆ ಸುಮಾರು 11 ಕೆಜಿ ಗಂಧಕವೂ ಸುಣ್ಣದ ಅಂಶವೂ ಸಿಗುತ್ತದೆ. ಅಕ್ಕಡಿಯಲ್ಲಿ (ರಾಗಿಯ ನಡುವೆ ಹಾಕುವ ಬೇರೆ ಬೆಳೆಯ ಸಾಲು) ಹುಚ್ಚೆಳ್ಳು, ಸಾಸಿವೆ ಇದ್ದವರಿಗೆ ಇದೇ ಮೇಲು. ಯೂರಿಯಾ ಮತ್ತು ಸೂಪರ್ ಬೆರೆಸಿ ರಾತ್ರಿ ಇಟ್ಟರೆ ಬೆಳಗ್ಗೆಗೆ ಅಂಟಂಟಾಗಿ ಕೂರಿಗೆಯ ತೂತಿನಲ್ಲಿ ಇಳಿಯುವುದಿಲ್ಲ. ಬಿತ್ತುವ ಹೊತ್ತಿಗೇ ಬೆರೆಸಿ.

ಪೊಟ್ಯಾಷ್ ಬಿಡುವುದು ಸಾಮಾನ್ಯ ತಪ್ಪು. ರಾಗಿ ಹುಲ್ಲಿನ ಜೊತೆ ಪೊಟ್ಯಾಷ್ ಹೊಲದಿಂದ ಆಚೆ ಹೋಗುತ್ತದೆ, ಕೊಟ್ಟಿಗೆ ಗೊಬ್ಬರವಾಗಿ ವಾಪಸ್ ಬಾರದಿದ್ದರೆ ಮಣ್ಣು ಬರಿದಾಗುತ್ತದೆ.

ದೀರ್ಘಾವಧಿ ತಳಿಗೆ ಬೇರೆ ಅಳತೆ ಬೇಕೆ ಎಂದು ಕೇಳುವವರಿದ್ದಾರೆ. ಮಳೆಯಾಶ್ರಿತದಲ್ಲಿ ಬೇಡ. ತಳಿ ಬದಲಾದರೆ ಬದಲಾಗುವುದು ಮೇಲುಗೊಬ್ಬರದ ದಿನ. ನೀರಾವರಿ ಬೆಳೆಯ ಲೆಕ್ಕವನ್ನು ಒಣಹೊಲಕ್ಕೆ ತಂದರೆ ಗಿಡ ಆರಂಭದಲ್ಲಿ ಸೊಕ್ಕಿ ಬೆಳೆದು, ಇದ್ದ ಹಸಿಯನ್ನೆಲ್ಲ ತೆನೆಗೆ ಮೊದಲೇ ಕುಡಿದು ಮುಗಿಸುತ್ತದೆ.

ಹಂತ 6: ಕೂರಿಗೆ ಅಳೆದು ಬಿತ್ತನೆ

ಸಾಲಿನಿಂದ ಸಾಲಿಗೆ 30 ಸೆಂ.ಮೀ. ಇಟ್ಟರೆ ಒಂದು ಎಕರೆಯಲ್ಲಿ ಸುಮಾರು 13,500 ಮೀಟರ್ ಸಾಲು ಬರುತ್ತದೆ. ಡಿಎಪಿ ದಾರಿಯ 68 ಕೆಜಿ ಮಿಶ್ರಣಕ್ಕೆ ಪ್ರತಿ 10 ಮೀಟರಿಗೆ 50 ಗ್ರಾಂ ಬೀಳಬೇಕು. 4 ಕೆಜಿ ಬೀಜವಾದರೆ 10 ಮೀಟರಿಗೆ 3 ಗ್ರಾಂ. ಗಟ್ಟಿ ನೆಲದ ಮೇಲೆ ಗೋಣಿತಾಟು ಹಾಸಿ, ಕೂರಿಗೆಯ ಒಂದು ತಾಳಿಗೆ (ಬೀಜ, ಗೊಬ್ಬರ ಇಳಿಯುವ ಕಾಲು) ಪ್ಲಾಸ್ಟಿಕ್ ಚೀಲ ಕಟ್ಟಿ 10 ಮೀಟರ್ ಎಳೆದು ತೂಗಿ ನೋಡಿ. ಹತ್ತು ನಿಮಿಷದ ಈ ಕೆಲಸವನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಹೊಲದ ಒಂದು ಮೂಲೆಯಲ್ಲಿ ಕಡು ಹಸಿರು, ಇನ್ನೊಂದು ಮೂಲೆಯಲ್ಲಿ ಹಳದಿ.

3 ಗ್ರಾಂ ಅಂದರೆ ಸಾವಿರಕ್ಕೂ ಹೆಚ್ಚು ಕಾಳು. ಅಂದರೆ ಒಂದು ಮೀಟರಿನಲ್ಲಿ ನೂರಕ್ಕೂ ಹೆಚ್ಚು. ನಮಗೆ ಬೇಕಾದ್ದು ಮೀಟರಿಗೆ ಹತ್ತು ಗಿಡ. ಬೀಜ ತೀರಾ ಸಣ್ಣದು, ಕೂರಿಗೆಯಲ್ಲಿ ಇದಕ್ಕಿಂತ ತೆಳುವಾಗಿ ಬೀಳಿಸುವುದು ಕಷ್ಟ. ಮರಳು ಬೆರೆಸಿದರೆ ಸ್ವಲ್ಪ ಸಮನಾಗುತ್ತದೆ, ಆಮೇಲೂ ತೆಳುಗೊಳಿಸುವುದು ತಪ್ಪದು.

ಬೀಜದ ಆಳ 2ರಿಂದ 3 ಸೆಂ.ಮೀ., ಗೊಬ್ಬರ ಅದಕ್ಕಿಂತ ಎರಡು ಬೆರಳು ಕೆಳಗೆ ಅಥವಾ ಪಕ್ಕಕ್ಕೆ. ಬೀಜಕ್ಕೆ ಯೂರಿಯಾ ತಾಗಿದರೆ ಮೊಳಕೆ ಸುಡುತ್ತದೆ. ಸೂಪರ್ ದಾರಿ ಹಿಡಿದವರು, ಯೂರಿಯಾ 22 ಕೆಜಿ ಇರುವುದರಿಂದ, ಈ ಅಂತರವನ್ನು ಬಿಡಲೇಬಾರದು. ಬೀಜಕ್ಕೂ ಗೊಬ್ಬರಕ್ಕೂ ಒಂದೇ ಬಟ್ಟಲಿರುವ ಹಳೆಯ ಕೂರಿಗೆಯಾದರೆ ಮೊದಲು ಗೊಬ್ಬರ ಬಿತ್ತಿ, ಆಮೇಲೆ ಅದೇ ಸಾಲಿನ ಪಕ್ಕ ಬೀಜ ಬಿತ್ತಿ.

ತೊಗರಿ ಅಕ್ಕಡಿಯಾದರೆ 8 ಸಾಲು ರಾಗಿಗೆ 2 ಸಾಲು ತೊಗರಿ, ಅವರೆಯಾದರೆ 8ಕ್ಕೆ 1. ಮೇಲುಗೊಬ್ಬರ ಕೊಡುವಾಗ ಈ ಸಾಲುಗಳನ್ನು ಬಿಟ್ಟುಬಿಡಿ.

ಬಿತ್ತಿದ ಮಾರನೆಯ ದಿನ ಬಿರುಮಳೆ ಹೊಡೆದು, ಬಿಸಿಲು ಬಿದ್ದು ಮಣ್ಣಿನ ಮೇಲೆ ಹೆಪ್ಪು ಕಟ್ಟಿದರೆ ಮೊಳಕೆ ಮೇಲೇಳುವುದಿಲ್ಲ. ಮುಳ್ಳಿನ ಕೊಂಬೆಯನ್ನು ಹಗುರಾಗಿ ಎಳೆದು ಹೆಪ್ಪು ಒಡೆಯಿರಿ.

ಹಂತ 7: ಹಲುಬೆ, ಎಡೆ ಕುಂಟೆ, ಆಮೇಲೆ ಯೂರಿಯಾ

ಇಲ್ಲಿ ಕ್ರಮ ತಪ್ಪಿದರೆ ಕಳೆಗೆ ಗೊಬ್ಬರ ಹಾಕಿದಂತಾಗುತ್ತದೆ. 15–20ನೇ ದಿನ ನೆಲ ಹಸಿಯಾಗಿರುವಾಗ ಹಲುಬೆ ಹೊಡೆಯಿರಿ. ಆ ದಿನ ಹೊಲ ನೋಡಿದರೆ ಬೆಳೆ ಹಾಳಾಯಿತೇನೋ ಅನ್ನಿಸುತ್ತದೆ, ಮುಂದಿನ ಮಳೆಗೆ ಚೇತರಿಸಿಕೊಳ್ಳುತ್ತದೆ. ಉಳಿದ ದಟ್ಟಣೆಯನ್ನು ಕೈಯಲ್ಲಿ ಕಿತ್ತು ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಮಾಡಿ. ಎಡೆ ಕುಂಟೆ ಹೊಡೆದು ಕಳೆ ತೆಗೆಯಿರಿ. ಆಮೇಲೆ ಮಾತ್ರ ಯೂರಿಯಾ.

ಮಧ್ಯಮ, ದೀರ್ಘಾವಧಿ ತಳಿಗೆ ಮೇಲುಗೊಬ್ಬರ 25ರಿಂದ 30ನೇ ದಿನ, ತೆಂಡೆ (ಬುಡದ ಕವಲು) ಒಡೆಯುವಾಗ. ಜಿಪಿಯು-48ರಂಥ ಅಲ್ಪಾವಧಿ ತಳಿಗೆ 20–25ನೇ ದಿನವೇ ಕೊಡಿ. ಅದು ತೆನೆಯ ತಯಾರಿ ಬೇಗ ಶುರು ಮಾಡುತ್ತದೆ, ತಡವಾದ ಯೂರಿಯಾ ಕಾಳಿಗೆ ಬರುವುದಿಲ್ಲ. ಕೊಡುವ ದಿನ ಮುಂಗೈ ಆಳಕ್ಕೆ ಮಣ್ಣು ತೆಗೆದು ಮುಷ್ಟಿ ಹಿಡಿಯಿರಿ. ಉಂಡೆ ಕಟ್ಟಿದರೆ ಕೊಡಿ, ಉದುರಿದರೆ ಕಾಯಿರಿ. ಎಲೆಯ ಮೇಲೆ ಇಬ್ಬನಿ ಆರಿದ ಮೇಲೆ ಸಾಲಿನ ಪಕ್ಕ ಉದುರಿಸಿ, ಹಿಂದೆಯೇ ಎಡೆ ಕುಂಟೆ ಹೊಡೆದು ಮಣ್ಣು ಮುಚ್ಚಿ. ಜೋರು ಮಳೆ ಬರುವ ಸೂಚನೆ ಇದ್ದರೆ ಒಂದು ದಿನ ತಡೆಯಿರಿ. ಇಳಿಜಾರಿನ ಹೊಲದಲ್ಲಿ ಯೂರಿಯಾ ಕೆಳಗಿನವರ ಪಾಲಾಗುತ್ತದೆ.

ಮಳೆಯೇ ಬಾರದಿದ್ದರೆ? ಮಧ್ಯಮಾವಧಿ ತಳಿಯಾದರೆ 45ನೇ ದಿನದವರೆಗೆ ಕಾಯಬಹುದು. ಅದೂ ದಾಟಿದರೆ ಮಣ್ಣಿಗೆ ಪೂರ್ತಿ ಕೊಡುವ ಆಸೆ ಬಿಡಿ. ಮಳೆ ಬಂದು ಗಿಡ ಚೇತರಿಸಿದ ಮೇಲೆ ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಬಾಡಿದ ಗಿಡಕ್ಕೆ, ಸುಡು ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ತುದಿ ಸುಡುತ್ತದೆ. ಉಳಿದ ಯೂರಿಯಾ ಚೀಲ ಬಿಗಿಯಾಗಿ ಕಟ್ಟಿಡಿ. ತಂದದ್ದು ಖಾಲಿಯಾಗಬೇಕೆಂದು ಹಾಕುವುದು ಬೇಡ.

ಹಂತ 8: ಗಿಡ ತೋರಿಸುವ ಎಚ್ಚರಿಕೆ

ಕೆಳಗಿನ ಹಳೆಯ ಎಲೆ ತುದಿಯಿಂದ ಒಳಕ್ಕೆ ಹಳದಿಯಾಗುತ್ತಿದ್ದರೆ ಸಾರಜನಕ ಕಡಿಮೆ. ಅದೇ ಹಳೆಯ ಎಲೆಯ ಅಂಚು ಮಾತ್ರ ಸುಟ್ಟಂತಿದ್ದರೆ ಪೊಟ್ಯಾಷ್. ಎಳೆಯ ಎಲೆಯ ಬುಡದ ಕಡೆ, ನಡುನರದ ಪಕ್ಕದಲ್ಲಿ ಬಿಳಚಿದ ಪಟ್ಟೆ ಬಂದರೆ ಸತು. ಗಿಡ ಕುಳ್ಳಾಗಿ ಎಲೆ ನೇರಳೆಗೆ ತಿರುಗಿದರೆ ರಂಜಕದ ಕೊರತೆ ಇರಬಹುದು, ಆದರೆ ಕೆಲವು ತಳಿಗಳ ಗಿಡ ಹುಟ್ಟಿನಿಂದಲೇ ನೇರಳೆ. ಪಕ್ಕದ ಹೊಲದಲ್ಲಿ ಅದೇ ತಳಿ ಹೇಗಿದೆ ನೋಡಿ ತೀರ್ಮಾನಿಸಿ. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡಿ, ಎಳೆದರೆ ಸಲೀಸಾಗಿ ಕಿತ್ತು ಬಂದರೆ ಅದು ಗೊಬ್ಬರದ ವಿಷಯವೇ ಅಲ್ಲ. ಬುಡ ಅಗೆದು ಗೊಣ್ಣೆ ಹುಳು, ಗೆದ್ದಲು ಹುಡುಕಿ.

ಕಡು ಹಸಿರು, ಜೋಲು ಎಲೆ ಕಂಡು ಖುಷಿಪಡಬೇಡಿ. ಸಾರಜನಕ ಹೆಚ್ಚಾಗಿದೆ, ತೆನೆ ತೂಕಕ್ಕೆ ಗಿಡ ಒರಗುತ್ತದೆ. ಎಲೆಯಲ್ಲಿ ನೂಲುವ ಕದಿರಿನಂತೆ ಎರಡು ತುದಿ ಚೂಪಾದ, ನಡುವೆ ಬೂದು ಬಣ್ಣದ ಚುಕ್ಕೆ ಬಂದರೆ ಬೆಂಕಿ ರೋಗ ಶುರುವಾಗಿದೆ. ಬಾಕಿ ಮೇಲುಗೊಬ್ಬರ ನಿಲ್ಲಿಸಿ. ತೆನೆ ಹೊರಟ ಮೇಲೆ ತೆನೆಯ ಬುಡದ ಕುತ್ತಿಗೆ ಕಪ್ಪಾದರೆ ಮೇಲಿನ ಕಾಳು ಜಳ್ಳು, ಆಗ ಏನು ಸಿಂಪಡಿಸಿದರೂ ಹೋದ ತೆನೆ ಬಾರದು. ಶಿಲೀಂಧ್ರನಾಶಕ ಕೊಡುವುದಾದರೆ ತೆನೆ ಇಣುಕುವಾಗಲೇ ಕೊಡಬೇಕು, ಆ ವರ್ಷ ಶಿಫಾರಸಿನಲ್ಲಿ ಯಾವುದಿದೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡು.

ಹಂತ 9: ನಿಮ್ಮ ಹೊಲದ ಲೆಕ್ಕ ನೀವೇ ಹಿಡಿಯಿರಿ

ಯಾವ ತಳಿ, ಎಷ್ಟು ಗೊಬ್ಬರ ಎಂಬ ಶಿಫಾರಸು ಇಡೀ ವಲಯಕ್ಕೆ ಮಾಡಿದ್ದು. ನಿಮ್ಮ ಹೊಲಕ್ಕೆ ಸರಿಹೊಂದುವುದು ತಿಳಿಯಲು ಒಂದೇ ದಿನ, ಒಂದೇ ತುದಿಯಿಂದ ನಾಲ್ಕು ಪಟ್ಟೆ ಬಿತ್ತಿ: ರೂಢಿಯ ತಳಿ ರೂಢಿಯ ಗೊಬ್ಬರದಲ್ಲಿ, ರೂಢಿಯ ತಳಿ ಮೇಲಿನ ಲೆಕ್ಕದಲ್ಲಿ, ಹೊಸ ತಳಿ ರೂಢಿಯ ಗೊಬ್ಬರದಲ್ಲಿ, ಹೊಸ ತಳಿ ಮೇಲಿನ ಲೆಕ್ಕದಲ್ಲಿ. ಎರಡನ್ನೂ ಒಟ್ಟಿಗೆ ಬದಲಿಸಿದ ಒಂದೇ ಪಟ್ಟೆ ಇಟ್ಟರೆ ಇಳುವರಿ ತಳಿಯಿಂದ ಬಂತೋ ಗೊಬ್ಬರದಿಂದ ಬಂತೋ ಗೊತ್ತಾಗುವುದಿಲ್ಲ. ಪಟ್ಟೆಗಳು ಇಳಿಜಾರಿನ ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ ಇರಲಿ. ಅಡ್ಡಡ್ಡ ಇಟ್ಟರೆ ಕೆಳಗಿನ ಪಟ್ಟೆಗೆ ಹಸಿ ಹೆಚ್ಚು ಸಿಕ್ಕಿ ಲೆಕ್ಕ ಕೆಡುತ್ತದೆ. ಕೂರಿಗೆ ಮಾತ್ರ ಇಳಿಜಾರಿಗೆ ಅಡ್ಡವಾಗಿಯೇ ಹೋಗಬೇಕು, ಇಲ್ಲದಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ.

ಕೊಯ್ಲಿಗೆ ಪ್ರತಿ ಪಟ್ಟೆಯ ನಡುವೆ, ಬದುವಿನಿಂದ ದೂರ, 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕ ಹಗ್ಗದಲ್ಲಿ ಗುರುತು ಮಾಡಿ ಬೇರೆ ಕೊಯ್ದು, ಬಡಿದು, ಒಣಗಿಸಿ ತೂಗಿ. ಬಂದ ಕೆಜಿಯನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ: 7 ಕೆಜಿ ಬಂದರೆ ಹನ್ನೊಂದು ಕ್ವಿಂಟಲಿಗೆ ತುಸು ಮೇಲೆ. ಹುಲ್ಲನ್ನೂ ತೂಗಿ ಬರೆದಿಡಿ, ಬಿತ್ತಿದ ದಿನ ಮತ್ತು ತೆನೆ ಬಂದ ದಿನ ಪಕ್ಕದಲ್ಲಿ ಬರೆಯಿರಿ.